ಎರಡು ರೊಟ್ಟಿಯವರು, ಏಳು ರೊಟ್ಟಿಯವರು

ಶ್ರಾವಣದ ಪ್ರವಚನದಲ್ಲಿ ಈ ಸಲ ಒಂದು ಮಾತು ಬಂತು. ದಾಸೋಹದ ವಿಷಯ ನಡೆದಿತ್ತು. "ಮಠದಾಗ ನೀಡಿದ್ದು ಪ್ರಸಾದ, ಮನ್ಯಾಗ ನೀಡಿದ್ದು ಊಟ, ಖಾನಾವಳ್ಯಾಗ ನೀಡಿದ್ದು ವ್ಯಾಪಾರ" ಎಂದರು ಪ್ರವಚನಕಾರರು. ಗುಡಿಯ ಅಂಗಳದಲ್ಲಿ ಕೂತ ಜನ ತಲೆದೂಗಿತು. ಲಯ ಕೂಡಿಬಂದ ಮಾತಿಗೆ ನಮ್ಮ ಹಾರೂಗೇರಿಯಲ್ಲಿ ತಲೆದೂಗದವರು ಕಡಿಮೆ. ಆದರೆ ಎದ್ದು ಬರುವ ದಾರಿಯಲ್ಲಿ ಆ ಮೂರನೇ ತುಂಡು ನನ್ನ ಗಂಟಲಲ್ಲಿ ನಿಂತುಕೊಂಡಿತು. ಯಾಕೆಂದರೆ ಆ ರಾತ್ರಿ ನಾನು ಉಣ್ಣಬೇಕಾದದ್ದು ಆ ಮೂರನೇ ಜಾಗದಲ್ಲೇ.

ನಾನು ಅಡತಿ ಅಂಗಡಿಯೊಂದರ ದಿವಾನಜಿ. ಅರಿಷಿಣ, ಬೆಲ್ಲ, ಗೋವಿನಜೋಳದ ಪಟ್ಟಿ ಬರೆಯುವುದು, ಸಂಜೆಗೆ ಕಿರ್ದಿ ತಾಳೆ ಹಾಕುವುದು ನನ್ನ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ನನ್ನ ಊಟ ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ. ಅದನ್ನು ನಡೆಸುವವರಿಗೆ ಊರೆಲ್ಲ ಅಕ್ಕಾರು ಅನ್ನುತ್ತದೆ, ನಾನೂ ಅನ್ನುತ್ತೇನೆ. ವಾರಕ್ಕೊಮ್ಮೆ ಅವರ ಜಮಾ-ಖರ್ಚು ಬರೆದುಕೊಡುತ್ತೇನೆ, ಅವರು ನನ್ನಿಂದ ರಾತ್ರಿ ಊಟದ ದುಡ್ಡು ತೆಗೆದುಕೊಳ್ಳುವುದಿಲ್ಲ. ಕರಾರು ಇಷ್ಟೇ. ಹೀಗಾಗಿ ಆ ಖಾನಾವಳಿಯ ಒಳಗಿನ ಲೆಕ್ಕವೂ ನನಗೆ ಗೊತ್ತು, ಹೊರಗಿನ ರುಚಿಯೂ ಗೊತ್ತು. ಪ್ರವಚನಕಾರರಿಗೆ ಎರಡೂ ಗೊತ್ತಿರಲಿಕ್ಕಿಲ್ಲ.

ಎರಡೇ ಖೋಲಿ. ಮುಂದಿನದರಲ್ಲಿ ಕಡಪಾ ಕಲ್ಲು ಹಾಸಿದ ನಾಲ್ಕು ಮೇಜು, ಎದುರುಬದುರು ಬಾಕು. ಗೋಡೆಯ ಮೇಲೆ ಬಸವಣ್ಣ, ಮುಗಳಖೋಡದ ಯಲ್ಲಾಲಿಂಗರು, ಭಂಡಾರ ಮೆತ್ತಿದ ಚಿಂಚಲಿ ಮಾಯಕ್ಕ. ಮೂರೂ ಪಟಗಳ ಕೆಳಗೆ "ಇಂದು ನಗದು ನಾಳೆ ಉದ್ರಿ" ಎಂಬ ಬೋರ್ಡು. ದೇವರ ಕೆಳಗೆ ಉದ್ರಿಯ ಸುದ್ದಿ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಮ್ಯಾಲ ನೋಡಿ ನಾಚಿಕಿ ಬರಲಿ ಅಂತ" ಎಂದರು.

ಹಿಂದಿನ ಖೋಲಿಯಲ್ಲಿ ರೊಟ್ಟಿಯ ಕೆಲಸ. ಬಿಳಿಜೋಳದ ಹಿಟ್ಟಿನ ನಡುವೆ ಕುಣಿ ಮಾಡಿ, ಕುದಿಯುವ ಎಸರು ಹೊಯ್ದು, ಮೊದಲು ಸೌಟಿನಿಂದ ಕಲಸಿ, ಬಿಸಿ ಆರುವ ಮೊದಲೇ ಅಂಗೈಯ ತೆಕ್ಕೆಗೆ ತೆಗೆದುಕೊಂಡು ತಿಕ್ಕಿ ತಿಕ್ಕಿ ನಾದಬೇಕು. ಗೋಧಿಯ ಹಾಗೆ ಜೋಳಕ್ಕೆ ಜಿಗಿ ಇಲ್ಲ. ಆ ಎಸರಿನ ಕಾವಿನಲ್ಲಿ ಹುಟ್ಟಿದ ಅಂಟೇ ರೊಟ್ಟಿಯ ಆಯುಷ್ಯ. ಕಾವು ತಪ್ಪಿದರೆ ಬಡಿಯುವಾಗ ಅಂಚು ಬಿಚ್ಚಿಕೊಳ್ಳುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಒಂದು ಕ್ಷಣ ಮುಂಚೆ ತಿರುವಿದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಬಿರಿಯುತ್ತದೆ. ಕೊನೆಗೆ ಉರಿಯ ಬದಿಗೆ ಒರಗಿಸಿದಾಗ ಉಬ್ಬುತ್ತದೆ. ಅಕ್ಕಾರ ಬಲಗೈ ಬೆರಳ ತುದಿಗಳಲ್ಲಿ ಗೆರೆಗಳೇ ಉಳಿದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತು ಹಿಡಿಯಲು ಪ್ರತಿಸಲ ತಕರಾರು ಮಾಡುತ್ತದೆ.

ತಾಟಿನಲ್ಲಿ ರೊಟ್ಟಿಯ ಜೊತೆಗೆ ಮಡಕಿಕಾಳು ಇಲ್ಲವೇ ಬದನೆಕಾಯಿ ಎಣ್ಣಿಗಾಯಿ, ಒಂದು ತಪ್ಪಲ ಪಲ್ಲೆ, ಶೇಂಗಾ ಹಿಂಡಿ, ರಂಜಕ, ಹಸಿ ಉಳ್ಳಾಗಡ್ಡಿ, ವಾಟಗದಲ್ಲಿ ಮೊಸರು. ಸೋಮವಾರ ಝುಣಕ. ರೊಟ್ಟಿ ಮುಗಿದ ಮೇಲೆ ಅನ್ನ, ಕಟ್ಟಿನ ಸಾರು. ಅಮಾಸಿಗೆ ಹುಗ್ಗಿ. ಇದು ಫುಲ್ ಊಟ. ಹೋದ ದೀಪಾವಳಿಯ ತನಕ ಇದಕ್ಕೆ 80 ರೂಪಾಯಿ ಇತ್ತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅರಿಷಿಣದ ಸುಗ್ಗಿಯಲ್ಲಿ ನಮ್ಮ ಅಂಗಡಿಯ ಹಮಾಲರು ಅಲ್ಲೇ ಉಣ್ಣುತ್ತಾರೆ. ಚೀಲ ಹೊತ್ತು ಹೊತ್ತು ಉಗುರಿನ ಸಂದಿಯ ತನಕ ಹಳದಿಯಾದ ಕೈ. ಎಷ್ಟು ತೊಳೆದರೂ ಹೋಗುವುದಿಲ್ಲ, ಬಿಳಿ ರೊಟ್ಟಿಯ ಮೇಲೆ ಬೆರಳಿನ ಗುರುತು ಬೀಳುತ್ತದೆ. ಅವರಲ್ಲೊಬ್ಬ ಏಳು ರೊಟ್ಟಿ ತಿನ್ನುತ್ತಾನೆ, ಅನ್ನ ಬೇರೆ. ಅವನ ಎದುರಿಗೆ ಕೂರುವ ಮಾಸ್ತರರು ಸಕ್ಕರೆ ಕಾಯಿಲೆಯವರು. ಎರಡು ರೊಟ್ಟಿ, ಅನ್ನ ಮುಟ್ಟುವುದಿಲ್ಲ. ಇಬ್ಬರೂ ಕೊಡುತ್ತಿದ್ದದ್ದು 80 ರೂಪಾಯಿ. ಜೋಳ, ಕಾಳು, ಎಣ್ಣೆ, ಸಿಲಿಂಡರ್, ಬಾಡಿಗೆ ಎಲ್ಲ ಹಚ್ಚಿ ನಾನು ಲೆಕ್ಕ ಹಾಕಿದ್ದೇನೆ: ಹಮಾಲನ ತಾಟು ಅಕ್ಕಾರಿಗೆ 80 ದಾಟಿ ಬೀಳುತ್ತಿತ್ತು, ಮಾಸ್ತರರ ತಾಟು 50ರ ಒಳಗೇ ಮುಗಿಯುತ್ತಿತ್ತು. ಅಂದರೆ ಹಮಾಲನ ಕೊನೆಯ ಎರಡು ರೊಟ್ಟಿಯ ದುಡ್ಡು ಮಾಸ್ತರರ ಕಿಸೆಯಿಂದ ಹೋಗುತ್ತದೆ. ಮಾಸ್ತರರಿಗೆ ಪುಣ್ಯ ಬಂತೆಂಬ ಭಾವನೆ ಇಲ್ಲ. ಹಮಾಲನಿಗೆ ತಾನು ಹಂಗಿನ ಅನ್ನ ತಿಂದೆನೆಂಬ ಸಂಕೋಚ ಇಲ್ಲ. ರೊಟ್ಟಿ ಮೆತ್ತಗಾದರೆ ಅವನು ಅಕ್ಕಾರಿಗೆ ಜೋರಾಗಿ ಹೇಳುತ್ತಾನೆ, "ಇವತ್ತ ಕೈ ಸೋತೈತೇನ ಅಕ್ಕಾ?" ಮಠದ ಪಂಕ್ತಿಯಲ್ಲಿ ಕೂತು ಸಾರಿಗೆ ಉಪ್ಪು ಕಡಿಮೆ ಅನ್ನಲು ಯಾರಿಗೆ ಧೈರ್ಯ ಬರುತ್ತದೆ?

ನನ್ನ ಪ್ರಶ್ನೆ ಇದು. ಇಲ್ಲದವನಿಗೆ ಇದ್ದವನಿಂದ ಅನ್ನ ಹೋಯಿತು. ಕೊಟ್ಟವನಿಗೆ ಅಹಂಕಾರ ಹತ್ತಲಿಲ್ಲ, ತೆಗೆದುಕೊಂಡವನಿಗೆ ಋಣದ ಭಾರ ಹತ್ತಲಿಲ್ಲ. ಇದು ವ್ಯಾಪಾರವೋ, ದಾಸೋಹವೋ?

ಅನ್ನ ಮಾರಬಾರದು ಎಂಬ ಮಾತು ಹಳೆಯದು. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ, ಬ್ರಾಹ್ಮಣ ಆಪತ್ಕಾಲದಲ್ಲಿ ವ್ಯಾಪಾರಕ್ಕಿಳಿದರೂ ಮಾರಬಾರದ ಸಾಮಾನುಗಳ ಪಟ್ಟಿಯಿದೆ. ಬೇಯಿಸಿದ ಅನ್ನ ಅದರಲ್ಲಿ ಸೇರಿದೆ. ಆದರೆ ಇತಿಹಾಸ ಬೇರೆಯೇ ದಾರಿ ಹಿಡಿಯಿತು. ಉಡುಪಿ ಸೀಮೆಯ ಬ್ರಾಹ್ಮಣರೇ ಊರೂರಿಗೆ ಹೋಗಿ ಅನ್ನ ಮಾರಿದರು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ತೆಗೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೊಟ್ಟೆ ತುಂಬ ಉಣಿಸಿಯೇ ಹೆಸರಾಯಿತು. ಮನೆ ಬಿಟ್ಟು ದುಡಿಯಲು ಹೋದ ಹುಡುಗರಿಗೆ ಶಾಸ್ತ್ರದ ನಿಷೇಧಕ್ಕಿಂತ ಬಾಳೆ ಎಲೆಯ ಮೇಲಿನ ಬಿಸಿ ಸಾರು ದೊಡ್ಡದಾಗಿತ್ತು. ನಿಷೇಧದ ಹಿಂದಿದ್ದ ಭಯವನ್ನೂ ನೋಡಬೇಕು. ಮಾರಾಟಕ್ಕಿಟ್ಟ ಅನ್ನವನ್ನು ಯಾರು ಬೇಕಾದರೂ ಕೊಳ್ಳಬಹುದು; ದುಡ್ಡಿಗೆ ಮಡಿಯಿಲ್ಲ. ಮನೆಯ ಪಂಕ್ತಿಯಲ್ಲಿ ಯಾರನ್ನು ಎಲ್ಲಿ ಕೂರಿಸಬೇಕೆಂದು ಯಜಮಾನ ನಿರ್ಧರಿಸುತ್ತಾನೆ. ಖಾನಾವಳಿಯ ಬಾಕಿನ ಮೇಲೆ ಜಾಗ ಖಾಲಿ ಇದ್ದಲ್ಲಿ ಕೂರಬೇಕು.

ಇದನ್ನು ಹೇಳುವಾಗ ಸುಳ್ಳು ಸೇರಿಸಬಾರದು. ದುಡ್ಡು ಕೊಟ್ಟರೂ ಒಳಗೆ ಬಿಡದ ಕಾಲ ಬಹಳ ಹಿಂದಿನದಲ್ಲ. ನಮ್ಮ ಕಡೆ ಇವತ್ತಿಗೂ "ಲಿಂಗಾಯತ ಖಾನಾವಳಿ" ಎಂದು ಬರೆಸುತ್ತಾರೆ. ಅಪರಿಚಿತ ಊರಲ್ಲಿ ಇಳಿದವನಿಗೆ ಅದರಿಂದ ಇಲ್ಲಿ ಮಾಂಸ ಬೇಯಿಸುವುದಿಲ್ಲ ಎಂದು ಗೊತ್ತಾಗುತ್ತದೆ, ಒಪ್ಪುತ್ತೇನೆ. ಆದರೆ ಜಾತಿ ಒಡೆಯಲು ಹೊರಟವರ ಹೆಸರು ಜಾತಿಯ ಫಲಕವಾಗಿ ಊಟದ ಬಾಗಿಲ ಮೇಲೆ ತೂಗುವುದು ಹನ್ನೆರಡನೆಯ ಶತಮಾನದವರಿಗೆ ಕಂಡಿದ್ದರೆ ಏನನ್ನುತ್ತಿದ್ದರೋ. ಅಕ್ಕಾರ ಬೋರ್ಡಿನ ಮೇಲೆ ಬರೇ "ಖಾನಾವಳಿ" ಅಂತಿದೆ. ಪೇಂಟರ್ ಇನ್ನೊಂದು ಪದಕ್ಕೆ ಹೆಚ್ಚು ದುಡ್ಡು ಕೇಳಿದ್ದನಂತೆ.

ದುಡ್ಡು ಕೊಟ್ಟರೂ ಒಳಗೆ ಬಿಡದ ಆ ಕಾಲದಲ್ಲಿ ನಮ್ಮ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಶಾಹೂ ಮಹಾರಾಜರ ಒಂದು ಪ್ರಸಂಗ ಈ ಕಡೆಯ ಹಿರಿಯರಿಗೆ ಗೊತ್ತು. ಗಂಗಾರಾಮ ಕಾಂಬಳೆ ಎಂಬ ದಲಿತ ನೌಕರ ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದನೆಂದು ಹೊಡೆತ ತಿಂದ. ಮಹಾರಾಜರು ಅವನಿಗೆ ಚಹಾದ ಅಂಗಡಿ ಹಾಕಲು ನೆರವಾದರು. ಅಂಗಡಿಯ ಹೆಸರು ಸತ್ಯಸುಧಾರಕ. ಜನ ಆ ಕಡೆ ಸುಳಿಯಲಿಲ್ಲ. ಆಗ ಮಹಾರಾಜರೇ ತಮ್ಮ ಸಾರೋಟು ಅಂಗಡಿಯ ಮುಂದೆ ನಿಲ್ಲಿಸಿ, ತಾವೂ ಚಹಾ ಕುಡಿದು, ಜೊತೆಗಿದ್ದ ದೊಡ್ಡ ದೊಡ್ಡವರಿಗೂ ಕುಡಿಸುತ್ತಿದ್ದರು. ನನಗೆ ಈ ಕಥೆಯಲ್ಲಿ ಮನಸ್ಸಿಗೆ ಹಿಡಿಸುವುದು ಒಂದು ಸಣ್ಣ ಅಂಶ. ರಾಜ ಬೇಕಿದ್ದರೆ ಸಾವಿರ ದಲಿತರಿಗೆ ಅನ್ನಸಂತರ್ಪಣೆ ಮಾಡಿಸಬಹುದಿತ್ತು, ಖಜಾನೆಯಲ್ಲಿ ದುಡ್ಡಿತ್ತು. ಅದನ್ನು ಮಾಡಿದ್ದರೆ ಅವನು ಕೊಡುವವನು, ಅವರು ಕೈಯೊಡ್ಡುವವರು ಎಂಬುದು ಹಾಗೆಯೇ ಉಳಿಯುತ್ತಿತ್ತು. ಶಾಹೂ ಮಹಾರಾಜರು ಗಂಗಾರಾಮನ ಗಿರಾಕಿಯಾದರು. ಸಂತರ್ಪಣೆಯಿಂದ ಆಗದ ಕೆಲಸ ಮಾರಿದ ಒಂದು ಕಪ್ ಚಹಾದಿಂದ ಆಯಿತು. ಮುಂದೆ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಟ್ಟೇ ಹೇಳಿ ಅಲ್ಲಿ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಬಾರದೆಂದಿತು. ಊಟದ ಅಂಗಡಿ ಸಂವಿಧಾನದಲ್ಲಿ ಸೇರುವಷ್ಟು ಗಂಭೀರ ಜಾಗ.

ಈ ವಾದವನ್ನೆಲ್ಲ ನಾನು ನಮ್ಮ ಓಣಿಯ ಅಯ್ಯನವರ ಮುಂದಿಟ್ಟೆ. ಅವರು ಮನೆ ಮನೆಗೆ ಹೋಗಿ ಪೂಜೆ ಮಾಡಿಸುವವರು, ವಚನಗಳನ್ನು ಓದಿಕೊಂಡವರು, ನನ್ನ ಜೊತೆ ಜಗಳಕ್ಕೆ ಯಾವಾಗಲೂ ತಯಾರು.

"ಸಂಕಲ್ಪ ಇಲ್ದ ದಾನ ದಾನ ಅಲ್ಲ ದಿವಾನಜಿ" ಎಂದರು.

"ದಾನ ಬ್ಯಾಡ್ರಿ ಅಯ್ಯಾರ, ದಾಸೋಹದ ಮಾತ ಹೇಳ್ರಿ. ಶರಣರು ದಾನ ಅನ್ನೂದನ್ನ ಬಿಟ್ಟು ದಾಸೋಹ ಅಂತ ಯಾಕ ಹಿಡದ್ರು? ಕೊಡಾಂವಗ ನಾ ಕೊಟ್ಟೆ ಅನ್ನೂದು ತಲಿಗೆ ಏರಬಾರದಂತ ಅಲ್ಲೇನ್ರಿ? ನಮ್ಮ ಮಾಸ್ತರಗ ಏರೂದ ಇಲ್ಲ."

"ಏರೂದಿಲ್ಲ, ಯಾಕಂದ್ರ ಅವಗ ಗೊತ್ತ ಇಲ್ಲ. ಗಿಡದಿಂದ ಮಾವಿನಹಣ್ಣ ಬಿತ್ತು, ದಾರ್ಯಾಗ ಹೊಂಟಾಂವ ತಿಂದ. ಗಿಡ ದಾಸೋಹ ಮಾಡ್ತು ಅಂತೀಯೇನು? ಶರಣರು ಅರಿವು ಅಂದಷ್ಟ ಬ್ಯಾರೆ ಯಾವ ಮಾತೂ ಅಂದಿಲ್ಲ. ಅರಿವ ಇಲ್ದ ದಾಸೋಹ ಎಲ್ಲಿಂದ ಬಂತು?"

ಏಟು ಸರಿಯಾಗಿಯೇ ಬಿತ್ತು. ನಾನು ಕೆಲವು ದಿನ ಸುಮ್ಮನಿದ್ದೆ. ಅರಿವಿಲ್ಲದೆ ಆದ ಒಳ್ಳೆಯದಕ್ಕೆ ಧರ್ಮ ಎನ್ನಬಹುದೇ ಎಂಬುದು ನನ್ನಂಥವನು ಕಿರ್ದಿ ಬರೆಯುತ್ತ ಬಿಡಿಸುವ ಗಂಟಲ್ಲ. ಆದರೆ ಮಾಸ್ತರರಿಗೆ ಅರಿವೇ ಇಲ್ಲ ಎಂಬ ಮಾತನ್ನು ಪರೀಕ್ಷೆ ಮಾಡಬಹುದಿತ್ತು. ಖಾನಾವಳಿಯ ಎದುರಿಗೆ ಈಗೊಂದು ಹೊಸ ಹೋಟೆಲ್ ಆಗಿದೆ. ಅಲ್ಲಿ ಲಿಮಿಟೆಡ್ ಊಟ: ಎರಡು ರೊಟ್ಟಿ, ಎರಡು ಪಲ್ಲೆ, ಒಂದು ಹಿಡಿ ಅನ್ನ, 60 ರೂಪಾಯಿ. ಹೆಚ್ಚಿನ ರೊಟ್ಟಿಗೆ ಹೆಚ್ಚಿನ ದುಡ್ಡು. ಮಾಸ್ತರರ ಹೊಟ್ಟೆಗೆ ಅಳತೆ ತೆಗೆದು ಹೊಲಿಸಿದಂಥ ಊಟ ಅದು. ಆಗಿನ ದರದಲ್ಲಿ ರಸ್ತೆ ದಾಟಿದರೆ ದಿನಕ್ಕೆ 20 ರೂಪಾಯಿ ಉಳಿಯುತ್ತಿತ್ತು. ಆದರೂ ಯಾಕೆ ಇಲ್ಲಿಗೆ ಬರುತ್ತೀರಿ ಎಂದು ಕೇಳಿದೆ. ಅವರು ರಂಜಕದಲ್ಲಿ ರೊಟ್ಟಿ ಅದ್ದುತ್ತ ಎದುರಿನ ಹಮಾಲನ ಕಡೆ ಗೋಣು ಹಾಕಿ, "ಇಂವ ಉಣ್ಣೂದ ನೋಡಿದ್ರ ನನಗ ಹಸಿವಿ ಆಗತೈತಿ" ಎಂದರು. ಅಷ್ಟೇ. ಅಯ್ಯನವರು ಇದನ್ನು ಅರಿವು ಎಂದು ಒಪ್ಪುತ್ತಾರೋ ಇಲ್ಲವೋ, ನಾನು ಒಪ್ಪುತ್ತೇನೆ.

ಅರಿತುಕೊಂಡು ಬೇಡ ಎಂದವರೂ ಇದ್ದಾರೆ. ಫೈನಾನ್ಸಿನಲ್ಲಿ ವಸೂಲಿ ಕೆಲಸದ ಹುಡುಗನೊಬ್ಬ ತಿಂಗಳ ಖಾತೆ ಇಟ್ಟಿದ್ದ. ಒಂದು ದಿನ ಲೆಕ್ಕ ತೆಗೆದ: "ನಾ ಎರಡ ರೊಟ್ಟಿ ತಿಂತೀನಿ, ನನಗ್ಯಾಕ ಪೂರಾ ರೇಟ?" ಅಕ್ಕಾರು ತಿರುವುತ್ತಿದ್ದ ರೊಟ್ಟಿಯಿಂದ ಕಣ್ಣು ತೆಗೆಯದೆ, "ನಿನಗೂ ಏಳ ತಿನ್ನೂ ದಿನಾ ಬರ್ತಾವ ತಮ್ಮಾ" ಎಂದರು. ಹುಡುಗ ಅದು ಆಶೀರ್ವಾದವೋ ಶಾಪವೋ ತಿಳಿಯದೆ ರಸ್ತೆ ದಾಟಿ ಹೋದ. ಅವನ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ತಾನು ತಿಂದಷ್ಟಕ್ಕೇ ದುಡ್ಡು ಕೊಡುವುದು ನ್ಯಾಯವೇ. ಆದರೆ ಅಂಥ ನ್ಯಾಯ ಪೂರ್ತಿಯಾಗಿ ನಡೆದ ದಿನ ಹಮಾಲ ಐದನೇ ರೊಟ್ಟಿಗೆ ಕೈ ಚಾಚುವ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ.

ತಿಂದಷ್ಟಕ್ಕೇ ದುಡ್ಡು ಹಚ್ಚುವ ಜಾಗದ ಸುದ್ದಿ ದೂರದಿಂದಲೂ ಬಂತು. ನನ್ನ ತಂಗಿಯ ಮಗ ಜಪಾನಿನ ನಗೋಯಾದಲ್ಲಿ ಗಾಡಿಯ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದಾನೆ. ರಜೆಗೆ ಬಂದಾಗ ಅಕ್ಕಾರ ಬಾಕಿನ ಮೇಲೆ ಕೂತು, "ಮಾಮಾ, ಅಲ್ಲೂ ಥೇಟ್ ಇಂಥಾದ್ದ ಜಾಗಾ ಅದಾವ" ಎಂದ. ಇಝಕಾಯಾ ಅನ್ನುತ್ತಾರಂತೆ. ಬಾಗಿಲಿಗೆ ಕೆಂಪು ಕಾಗದದ ಕಂದೀಲು, ಹೊಗೆ ಹಿಡಿದ ಗೋಡೆ, ಕೈಬರಹದ ದರಪಟ್ಟಿ, ಅಡುಗೆಯವನ ಎದುರಿಗೇ ಉದ್ದ ಹಲಗೆ. ಗುರುತಿಲ್ಲದವರೂ ಭುಜಕ್ಕೆ ಭುಜ ಹಚ್ಚಿ ಕೂರುವುದು. ಕೆಲಸ ಬಿಟ್ಟ ಮಂದಿ ಬಂದು ಅಕ್ಕಿಯ ಮದ್ಯ, ಬಿಯರ್ ಕುಡಿಯುತ್ತ ಸಣ್ಣ ಸಣ್ಣ ತಟ್ಟೆಯಲ್ಲಿ ತಿನ್ನುತ್ತಾರೆ. ಇವನು ಏನು ಕುಡಿಯುತ್ತಾನೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ತಿನ್ನುವುದಕ್ಕೆ ಮಾತ್ರ ಫಜೀತಿಯಂತೆ. ಬದನೆಕಾಯಿ ಹೇಳಿದರೂ ಮೇಲೆ ಒಣಮೀನಿನ ಎಸಳು ಉದುರಿಸಿ ತರುತ್ತಾರೆ.

ಅವನಿಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಕೂತ ಕೂಡಲೇ, ಕೇಳದೆಯೇ, ಒಂದು ಪುಟ್ಟ ಬಟ್ಟಲಲ್ಲಿ ಏನೋ ತಂದಿಡುತ್ತಾರೆ. ಒಟೋಶಿ ಎಂದು ಅದರ ಹೆಸರು. ಇವನು ಅದನ್ನು ನಮ್ಮ ಅಕ್ಕಾರ ಶೇಂಗಾ ಹಿಂಡಿಯ ಹಾಗೆ ಪುಕ್ಕಟೆ ಎಂದು ತಿಳಿದ. ಬಿಲ್ಲಿನಲ್ಲಿ ಮುನ್ನೂರು ಚಿಲ್ಲರೆ ಯೆನ್ ಹಚ್ಚಿದ್ದರು. ಅದು ಕೂತ ಜಾಗದ ಬಾಡಿಗೆಯಂತೆ. "ಕೇಳದ್ದಕ್ಕೂ ರೊಕ್ಕಾ!" ಎಂದು ಅವನು ಇವತ್ತಿಗೂ ಕುದಿಯುತ್ತಾನೆ. ನನಗೆ ಅದರಲ್ಲಿ ಮೋಸ ಕಾಣಲಿಲ್ಲ. ಅಲ್ಲಿ ಪ್ರತಿ ತಟ್ಟೆಗೂ ಬೇರೆ ಬೇರೆ ದರ, ಹಾಗಾಗಿ ಕೂತ ಜಾಗಕ್ಕೂ ದರ. ಇಲ್ಲಿ ಹೊಟ್ಟೆಗೇ ಒಂದು ದರ ಕಟ್ಟಿದ್ದರಿಂದ ಕೇಳದೆ ಬಡಿಸಿದ್ದಕ್ಕೆ ಲೆಕ್ಕವಿಲ್ಲ. ಬೇಡವಾದರೆ ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು, ಅಷ್ಟಕ್ಕೂ ಬಿಡದೆ ಬೆರಳ ಸಂದಿಯಲ್ಲಿ ಅನ್ನ ಬೀಳುತ್ತದೆ. ಇನ್ನೊಂದನ್ನೂ ಅವನೇ ಹೇಳಿದ: ದುಡ್ಡು ಕೊಟ್ಟು ಮುಗಿದ ಮೇಲೂ ಅಲ್ಲಿಯ ಜನ ಹೊರಡುವಾಗ ಅಡುಗೆಯವನಿಗೆ ಊಟ ಚೆನ್ನಾಗಿತ್ತೆಂದು ಕೃತಜ್ಞತೆ ಹೇಳದೆ ಬಾಗಿಲು ದಾಟುವುದಿಲ್ಲ. ಬಿಲ್ಲು ಚುಕ್ತಾ ಆದರೂ ಏನೋ ಬಾಕಿ ಇದೆ ಎಂದು ಅವರಿಗೂ ಅನ್ನಿಸಿರಬೇಕು.

ಅಂಥ ಅಂಗಡಿಗಳ ಮೂಲದ ಬಗ್ಗೆ ಅಲ್ಲೊಂದು ಕಥೆ ಇದೆಯಂತೆ. ಈಗಿನ ಟೋಕಿಯೋ ಆಗಿನ್ನೂ ಎದೋ ಆಗಿದ್ದ ಕಾಲದಲ್ಲಿ ಟೊಶಿಮಾಯಾ ಎಂಬ ಮದ್ಯದಂಗಡಿ ಕೂಲಿಕಾರರಿಗೆ ಕೊಂಡ ದರಕ್ಕೇ ಮದ್ಯ ಮಾರಿ, ಜೊತೆಗೆ ದೊಡ್ಡ ದೊಡ್ಡ ತುಂಡಿನ ಸುಟ್ಟ ತೋಫು ಕೊಡುತ್ತಿತ್ತು. ಲಾಭವೆಲ್ಲ ಖಾಲಿ ಪೀಪಾಯಿ ಮಾರಿದ್ದರಿಂದ. ದಿವಾನಜಿಯ ಕಿವಿಗೆ ಇದಕ್ಕಿಂತ ಇಂಪಾದ ಕಥೆ ಇಲ್ಲ.

ಮದ್ಯದಂಗಡಿಯ ಸುದ್ದಿ ಧರ್ಮದ ಲೇಖನದಲ್ಲಿ ಯಾಕೆ ಎನ್ನುವವರಿಗೆ ಹೆಂಡದ ಮಾರಯ್ಯನನ್ನು ನೆನಪು ಮಾಡಿಕೊಡಬೇಕು. ಬಸವಣ್ಣನ ಕಾಲದ ಶರಣ, ಕಸುಬು ಹೆಂಡ ಮಾರುವುದು. ಹೆಸರಿನಿಂದ ಕಸುಬನ್ನು ಅವನೂ ಕಿತ್ತುಹಾಕಲಿಲ್ಲ, ಉಳಿದ ಶರಣರೂ ಕಿತ್ತುಹಾಕಿಸಲಿಲ್ಲ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನು ವಚನ ಬರೆದ; ಹೆಂಡದ ಮಡಕೆಯ ಮಾತಿನಲ್ಲೇ ಅನುಭಾವ ಹೇಳಿದ. ಹೆಂಡ ಮಾರುವವನಿಗೂ ಅನುಭವ ಮಂಟಪದ ಮಂದಿಯಲ್ಲಿ ಸ್ಥಾನ ಸಿಕ್ಕಿದ್ದರೆ, ರೊಟ್ಟಿ ಮಾರುವವರಿಗೆ ಪ್ರವಚನದಲ್ಲಿ ಮೂರನೇ ಜಾಗ ಯಾಕೆ?

ಮಠದ ದಾಸೋಹವನ್ನು ಕಡಿಮೆ ಮಾಡಿ ಹೇಳಿದೆನೆಂದು ಯಾರೂ ತಿಳಿಯಬಾರದು. ಖಾನಾವಳಿಯ ಹೊಸ್ತಿಲ ಮೇಲೆ ದರ ಇದೆ. ಅದನ್ನು ಕೊಡಲಾಗದವನು ಒಳಗೇ ಬರುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದ ಒಣಸೀಮೆಯಿಂದ ಬರುವ ಕಡಿಯುವ ಗ್ಯಾಂಗುಗಳು ಹೊಲದ ಬದುವಿನಲ್ಲಿ ಗುಡಿಸಲು ಹಾಕಿ, ಮೂರು ಕಲ್ಲಿನ ಒಲೆಯ ಮೇಲೆ ತಾವೇ ರೊಟ್ಟಿ ಸುಟ್ಟುಕೊಳ್ಳುತ್ತವೆ. ಅಕ್ಕಾರ ಬಾಕಿನ ಮೇಲೆ ನಾನು ಅವರನ್ನು ಕಂಡದ್ದು ಅಪರೂಪ. ಅಂಥವರಿಗೆಂದೇ ಗಡಿಯಾಚೆ ಮಹಾರಾಷ್ಟ್ರ ಸರಕಾರ 1995ರಲ್ಲಿ ಒಂದು ರೂಪಾಯಿಗೆ ಝುಣಕ-ಭಾಕರಿ ತಂದಿತ್ತು. ನಮ್ಮಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನು ಬಂದು ನಾಷ್ಟಾಕ್ಕೆ 5, ಊಟಕ್ಕೆ 10 ರೂಪಾಯಿ ಇಟ್ಟಿತು. ಮಠ, ಸರಕಾರ ಎರಡೂ ಬೇಕು. ನನ್ನ ತಕರಾರು ಇಷ್ಟೇ: ಎರಡು ರೊಟ್ಟಿಯವನಿಗೂ ಏಳು ರೊಟ್ಟಿಯವನಿಗೂ ನಡುವೆ ಆಗುವ ಆ ಗುಟ್ಟಿನ ಕೊಡುಕೊಳ್ಳುವಿಕೆಗೆ ವ್ಯಾಪಾರ ಎಂದು ಮುದ್ರೆ ಒತ್ತಿ ಬದಿಗೆ ಸರಿಸಬಾರದು.

ಅಯ್ಯನವರಿಗೆ ಮಾಸ್ತರರ ಮಾತು ಹೇಳಿದೆ. ಅವರು ನಕ್ಕು, ಒಂದು ಮೆಟ್ಟಿಲು ಇಳಿದ ಹಾಗೆ ಮಾಡಿ, ಬಳಿಕ ಕೇಳಿದರು: "ಅದೆಲ್ಲಾ ಇರ್ಲಿ. ಅಕ್ಕಾನ ಪಗಾರ ನಿನ್ನ ಕಿರ್ದ್ಯಾಗ ಎಲ್ಲಿ ಐತಿ?"

ಇರಲಿಲ್ಲ. ಜೋಳ, ಕಾಳು, ಎಣ್ಣೆ, ಸಿಲಿಂಡರ್, ಬಾಡಿಗೆ, ಭಾಂಡೆ ತಿಕ್ಕುವ ಹುಡುಗಿಯ ಪಗಾರ ಇತ್ತು. ಅಕ್ಕಾರದ್ದು, ಅವರ ಸೊಸೆಯದ್ದು ಇರಲಿಲ್ಲ. ಯಾವ ಖಾನಾವಳಿಯ ಲೆಕ್ಕದಲ್ಲೂ ಇರುವುದಿಲ್ಲ. ಕೊನೆಗೆ ಉಳಿದದ್ದೇ ಅವರದ್ದು. ಹೊರಗಿನಿಂದ ರೊಟ್ಟಿ ಬಡಿಯುವವರನ್ನು ತಂದರೆ ಕೊಡಬೇಕಾದ ಕೂಲಿಯನ್ನು ಅವರಿಬ್ಬರ ಹೆಸರಿಗೆ ಹಚ್ಚಿ ನೋಡಿದೆ. ಉಳಿತಾಯ ಮಾಯವಾಗಿ ಕೆಲವು ತಿಂಗಳು ಲುಕ್ಸಾನು ಕಾಣಿಸಿತು. ಅಂದರೆ ಹಮಾಲನ ಕೊನೆಯ ಎರಡು ರೊಟ್ಟಿಗೆ ಮಾಸ್ತರರ ಕಿಸೆಗಿಂತ ಮೊದಲು, ನಸುಕಿನಲ್ಲಿ ಎದ್ದು ಎಸರಿಡುವ ಇಬ್ಬರು ಹೆಂಗಸರ ರಟ್ಟೆ ದುಡ್ಡು ಕಟ್ಟುತ್ತಿತ್ತು.

ಅಯ್ಯನವರು ಆಯ್ದಕ್ಕಿ ಲಕ್ಕಮ್ಮನ ಕಥೆ ತೆಗೆದರು. ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಗೆ ಹಾಕಲಿಲ್ಲ; ಹೆಚ್ಚಿನದನ್ನು ತಿರುಗಿ ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ಸಾಮಾನ್ಯವಾಗಿ ಹೆಚ್ಚು ಆಸೆ ಪಡಬಾರದು ಎಂಬುದಕ್ಕೆ ಹೇಳುತ್ತಾರೆ. ಅಯ್ಯನವರು ಬೇರೆ ಕಡೆಯಿಂದ ಹಿಡಿದರು: ಆ ಮನೆಯಲ್ಲಿ ಅಳತೆ ಗೊತ್ತಿದ್ದದ್ದು ಹೆಣ್ಣುಮಗಳಿಗೆ. ದುಡಿಮೆ ಎಷ್ಟು, ಅದಕ್ಕೆ ಸಲ್ಲಬೇಕಾದದ್ದು ಎಷ್ಟು, ಅದರಲ್ಲಿ ದಾಸೋಹಕ್ಕೆ ಎಷ್ಟು ಎಂಬ ಲೆಕ್ಕ ಅವಳ ಕೈಯಲ್ಲಿತ್ತು. ಕಡಿಮೆಯೂ ಆಗಬಾರದು. ಕಾಯಕಕ್ಕೆ ಪ್ರತಿಫಲ ಇರಬೇಕು, ಆ ಪ್ರತಿಫಲದಿಂದ ದಾಸೋಹ. ಪ್ರತಿಫಲವೇ ಇಲ್ಲದೆ ಮಾಡಿಸಿದರೆ ಅದು ಬಿಟ್ಟಿ ಚಾಕರಿ; ಬಿಟ್ಟಿ ಚಾಕರಿಯ ಅನ್ನದಿಂದ ಯಾವ ದಾಸೋಹ?

ಮುಂಬಯಿಯ ಗಿರಣಿ ಕಾರ್ಮಿಕರಿಗೆ ಮನೆಯಲ್ಲೇ ಅಡುಗೆ ಮಾಡಿ ಉಣಿಸುತ್ತಿದ್ದ ಖಾನಾವಳಿ ಹೆಂಗಸರಿಗೂ ಇದೇ ಗತಿಯಿತ್ತು. ಸಾವಿರಾರು ಗಂಡಸರ ಹೊಟ್ಟೆ ಅವರ ಒಲೆಯ ಮೇಲೆ ನಿಂತಿತ್ತು, ಅವರು ಮಾತ್ರ ಕಿರಾಣಿಯವನ ಬಡ್ಡಿಯಲ್ಲಿ ಮುಳುಗಿದ್ದರು. 1975ರಲ್ಲಿ ಪ್ರೇಮಾ ಪುರವ ಅವರನ್ನು ಒಟ್ಟುಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಬ್ಯಾಂಕಿನ ಸಾಲ ಕೊಡಿಸಿದರು. ಅಡುಗೆ ಮಾಡುವವರೂ ದುಡಿಯುವವರೆಂದು ಒಂದು ಬ್ಯಾಂಕಿನ ಲೆಡ್ಜರು ಒಪ್ಪಿಕೊಂಡಿತು. ನಮ್ಮ ಮಠ, ಗುಡಿಗಳ ಪ್ರವಚನಗಳು ಇನ್ನೂ ಒಪ್ಪಿಕೊಳ್ಳುವುದಿದೆ. ಅನ್ನಪೂರ್ಣೆ ಎಂದು ಕೈ ಮುಗಿಯುವುದು ಪಗಾರ ಕೊಡುವುದಕ್ಕಿಂತ ಅಗ್ಗ.

ಅಡುಗೆಯ ಕೆಲಸಕ್ಕೆ ಧರ್ಮದಲ್ಲಿ ಜಾಗ ಕೊಟ್ಟವರೂ ಇದ್ದಾರೆ. ಜಪಾನಿನ ಝೆನ್ ಗುರು ಡೋಗೆನ್ 1237ರಲ್ಲಿ ಮಠದ ಅಡುಗೆಯವನಿಗಾಗಿಯೇ ಒಂದು ಗ್ರಂಥ ಬರೆದ. ಅದರಲ್ಲಿ ಅವನು ಚೀನಾದ ಮಠದಲ್ಲಿ ಕಂಡ ಒಬ್ಬ ಮುದುಕ ಅಡುಗೆ ಭಿಕ್ಷುವಿನ ಪ್ರಸಂಗವಿದೆ. ಸುಡುವ ಬಿಸಿಲಲ್ಲಿ, ತಲೆಗೆ ಏನೂ ಇಲ್ಲದೆ, ಅವನು ಅಣಬೆ ಒಣಗಿಸುತ್ತಿದ್ದ. ಬೇರೆಯವರ ಕೈಲಿ ಮಾಡಿಸಬಾರದೇ ಎಂದು ಡೋಗೆನ್ ಕೇಳಿದರೆ, ಬೇರೆಯವರು ನಾನಾಗುವುದಿಲ್ಲವಲ್ಲ ಎಂಬರ್ಥದ ಉತ್ತರ ಬಂತು. ಅಕ್ಕಾರೂ ಹೀಗೆಯೇ. ರೊಟ್ಟಿ ಯಂತ್ರ ತರಿಸೋಣ ಎಂದರೆ, "ಅದು ತಿರುವೂದ ಹೊತ್ತ ನೋಡತೈತೇನು?" ಎನ್ನುತ್ತಾರೆ. ಆದರೆ ಆ ಭಿಕ್ಷುವಿಗೆ ಮುಪ್ಪಿನಲ್ಲಿ ಮಠ ಇತ್ತು. ಅಕ್ಕಾರಿಗೆ ಮೊಣಕಾಲು ನೋವು ಇದೆ.

ಪಗಾರ ಬರೆಯುತ್ತೇನೆಂದಾಗ ಅಕ್ಕಾರು ಮೊದಲು ನಕ್ಕರು. "ನನಗ ಪಗಾರ ಕೊಡಾಂವ ಯಾರು? ನಾನ! ಈ ಕೈಯಿಂದ ಈ ಕೈಗೆ." ಆಮೇಲೆ ಗಂಭೀರವಾಗಿ, "ಸೊಸಿಗೆ ಮೊದಲ ಬರಿ" ಎಂದರು. ದೀಪಾವಳಿ ಪಾಡ್ಯಕ್ಕೆ ಹೊಸ ಕಿರ್ದಿಯ ಪೂಜೆಯಾಯಿತು. ಎರಡು ಖಾತೆ ಹೊಸದಾಗಿ ತೆಗೆದೆ, ಸೊಸೆಯದ್ದು ಮೇಲೆ, ಅಕ್ಕಾರದ್ದು ಕೆಳಗೆ. ಊಟದ ದರ 90 ಆಯಿತು. ಮಾಸ್ತರರು ಒಂದೂ ಮಾತಾಡಲಿಲ್ಲ. ಹಮಾಲರು ವಾರವಿಡೀ ಗೊಣಗಿದರು, ಇಬ್ಬರು ರಸ್ತೆ ದಾಟಿ ಹೋಗಿ ಐದನೇ ರೊಟ್ಟಿಯ ದುಡ್ಡು ಕೊಟ್ಟು ನೋಡಿ ತಿರುಗಿ ಬಂದರು. ಎದುರಿನ ಹೋಟೆಲಿನ ಹಾಗೆ ನೀವೂ ಲಿಮಿಟೆಡ್ ಬೋರ್ಡು ಹಾಕಿದರೆ 80ಕ್ಕೇ ನಿಭಾಯಿಸಬಹುದಿತ್ತಲ್ಲ ಎಂದು ನಾನು ಲೆಕ್ಕದವನಾಗಿ ಕೇಳಿದೆ. "ರೊಟ್ಟಿ ಎಣಿಸಿ ನೀಡೂದು ನನ್ನ ಕೈಯಿಂದ ಆಗೂದಿಲ್ಲ ತಮ್ಮಾ. ರೊಕ್ಕಾ ಎಣಿಸೂದು ನೀ ನೋಡಕೋ" ಎಂದರು ಅಕ್ಕಾರು.

ಅಯ್ಯನವರು ಇದನ್ನು ಕೇಳಿ ಇನ್ನೂ ಉತ್ತರ ಕೊಟ್ಟಿಲ್ಲ. ಮುಂದಿನ ಶ್ರಾವಣಕ್ಕೆ ಬೇರೆ ಪ್ರವಚನಕಾರರನ್ನು ಕರೆಸುವ ಮಾತು ನಡೆದಿದೆ. ಅವರ ಊಟದ ವ್ಯವಸ್ಥೆ ಖಾನಾವಳಿಯಲ್ಲೇ ಮಾಡಿದರೆ ಹೇಗೆ ಎಂದು ಕಮಿಟಿಯಲ್ಲಿ ಒಬ್ಬರು ಕೇಳಿದ್ದಾರೆ, ನಾನು ಕೈ ಎತ್ತಿದ್ದೇನೆ.